ಬ್ರೇಕಿಗೆ ಎರಡು ಹನಿ ಎಣ್ಣೆ

ಮಾರ್ಚ್ ೩, ಭಾನುವಾರ

ಏನೇ,

ಕಾಗದ ನೋಡಿ ಗಾಬರಿ ಬೀಳಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆ. ದಿನಕ್ಕೆರಡು ಸಲ ಅಂಗಡಿಗೆ ಬಂದು ನನ್ನನ್ನು ಬೈದು ಹೋಗುತ್ತಾಳೆ, ಅದರಿಂದಲೇ ಅವಳ ಆರೋಗ್ಯ ಚೆನ್ನಾಗಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಕಥೆ ಗೊತ್ತಲ್ಲ. ಮೊದಲ ನಿಮಿಷ ‘ಊಟ ಆಯ್ತಾ’, ಎರಡನೇ ನಿಮಿಷ ಜಗಳ, ಮೂರನೆಯದಕ್ಕೆ ಯಾರಾದರೊಬ್ಬರು ಇಟ್ಟೇಬಿಟ್ಟಿರುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವಿಷಯ ನಮ್ಮ ಸಣ್ಣ ಕಾರಿನದು. ನೀನು ಆ ಬಸ್ ಡಿಪೋಗೆ ಹೆಡ್ ಮೆಕ್ಯಾನಿಕ್ಕಾಗಿ ಹೋಗಿ ಈ ತಿಂಗಳಿಗೆ ಎರಡು ವರ್ಷ. ಅಲ್ಲಿಂದೀಚೆ ಸ್ಕೂಲಿನ ಯೂನಿಫಾರ್ಮು, ಆಸ್ಪತ್ರೆಯ ಗೌನು ಎಲ್ಲ ತಲುಪಿಸಲು ಅದೇ ಕಾರಿನಲ್ಲಿ ಏರು ತಗ್ಗು ಓಡಾಡುತ್ತಿದ್ದೇನೆ. ಈಗ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕರಕರ ಅನ್ನುತ್ತಿದೆ. ಕತ್ತರಿಗೆ ಗುಂಡುಪಿನ್ನು ಸಿಕ್ಕಿದರೆ ಬರುತ್ತದಲ್ಲ, ಆ ಸದ್ದು.

ಎದುರಿನ ಗ್ಯಾರೇಜಿನವನಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ಮಾಡಿಕೊಡುತ್ತಾನೆ. ಅದು ಬೇಡ ಅನ್ನಿಸಿದೆ. ನಾನೇ ಮಾಡಬೇಕು. ನಗಬೇಡ. ಹತ್ತೊಂಬತ್ತು ವರ್ಷ ನೀನು ಆ ಕಾರಿನ ಕೆಳಗೆ ಮಲಗುತ್ತಿದ್ದೆ, ನಾನು ಅಂಗಡಿಯ ಕಿಟಕಿಯಿಂದ ನಿನ್ನ ಎರಡು ಪಾದ ನೋಡಿಕೊಂಡು ಕಾಜಾ ಹೊಲಿಯುತ್ತಿದ್ದೆ. ಆ ಕಡೆಯಿಂದ ಏನು ಕಾಣುತ್ತದೆ ಅಂತ ಒಂದು ದಿನವೂ ಬಗ್ಗಿ ನೋಡಲಿಲ್ಲ.

ಬ್ರೇಕ್ ಸರಿಹೋದರೆ ನೀನಿರುವಲ್ಲಿಗೆ ಬರಬೇಕು ಅಂತಿದ್ದೇನೆ. ಕಾರಿನಲ್ಲೇ, ಆ ದೊಡ್ಡ ಇಳಿಜಾರು ಇಳಿದು. ಬಾ ಅನ್ನುತ್ತೀಯೋ ಬೇಡ ಅನ್ನುತ್ತೀಯೋ ಗೊತ್ತಿಲ್ಲ. ಅದನ್ನು ಆಮೇಲೆ ಬರೆ. ಮೊದಲು ಚಕ್ರ ಬಿಚ್ಚುವುದು ಹೇಗೆ ಅಂತ ಬರೆ.

ನಿನ್ನ
ದರ್ಜಿ


ಮಾರ್ಚ್ ೧೧, ಸೋಮವಾರ

ರೀ,

ನಕ್ಕೆ. ನಗಬೇಡ ಅಂದರೆ ನಗದೇ ಇರೋಕಾಗುತ್ತಾ? ಬಿಳಿ ಬಟ್ಟೆಗೆ ಒಂದು ಚುಕ್ಕೆ ಕೊಳೆ ಹತ್ತಿದರೆ ಊಟ ಬಿಡುವ ಮನುಷ್ಯ ಗ್ರೀಸಿಗೆ ಕೈ ಹಾಕುತ್ತೇನೆ ಅಂದರೆ ನಮ್ಮ ಡಿಪೋದ ಗೇಟಿನವರು ಕೂಡ ನಗುತ್ತಾರೆ. ಅವರಿಗೆ ಓದಿ ಹೇಳಲಿಲ್ಲ, ಹೆದರಬೇಡಿ.

ಬರೋಕೆ ಕಾರೇ ಆಗಬೇಕಾ? ನಿಮ್ಮ ಕಡೆಯಿಂದ ಇಲ್ಲಿಗೆ ದಿನಕ್ಕೆ ಆರು ಬಸ್ಸು. ಆರಕ್ಕೂ ಬ್ರೇಕ್ ನೋಡುವವಳು ನಾನೇ. ಎರಡು ವರ್ಷದಲ್ಲಿ ಒಂದರಿಂದಲೂ ನೀವು ಇಳಿಯಲಿಲ್ಲ. ನಾನು ನಾಲ್ಕು ಸಲ ಬಂದೆ. ನಾಲ್ಕು ಸಲವೂ ನಾನು ಚಪ್ಪಲಿ ಬಿಡುವ ಮೊದಲೇ ‘ವಾಪಸ್ ಬಸ್ ಎಷ್ಟೊತ್ತಿಗೆ’ ಅಂತ ಕೇಳಿದಿರಿ. ಐದನೇ ಸಲ ನಾನು ಬರಲಿಲ್ಲ. ಅದಕ್ಕೂ ಮುಂಚೆ, ಈ ಕೆಲಸದ ಆರ್ಡರ್ ತಂದು ತೋರಿಸಿದ ದಿನ, ‘ಅಲ್ಲಿ ಬಂದು ಮೆಕ್ಯಾನಿಕ್ಕಿನ ಗಂಡ ಅನ್ನಿಸ್ಕೊಂಡು ಕೂರೋಕೆ ನನ್ನಿಂದಾಗಲ್ಲ, ಹೋಗೋದಾದ್ರೆ ನೀನು ಹೋಗು’ ಅಂದವರು ನೀವು. ಕೋಟಿನ ಅಳತೆ ಕೊಡಲು ಬಂದಿದ್ದ ಮದುಮಗನ ಎದುರಿಗೇ ಅಂದಿರಿ. ಪಾಪ, ಅವನು ಜಗಳ ಮುಗಿಯುವ ತನಕ ಎರಡೂ ಕೈ ಎತ್ತಿಕೊಂಡೇ ನಿಂತಿದ್ದ.

ಇರಲಿ. ಬ್ರೇಕ್ ಕೇಳಿದ್ದೀರಿ, ಬ್ರೇಕ್ ಹೇಳುತ್ತೇನೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ. ಜಾಕ್ ಒಂದನ್ನೇ ನಂಬಬೇಡಿ. ಹಿಂದಿನ ಶೆಡ್ಡಿನಲ್ಲಿ ನನ್ನ ಕಬ್ಬಿಣದ ಸ್ಟ್ಯಾಂಡ್ ಎರಡಿವೆ, ಅವುಗಳ ಮೇಲೆ ಕೂರಿಸಿ. ಚಕ್ರ ತೆಗೆದರೆ ಹೊಳೆಯುವ ಕಬ್ಬಿಣದ ತಟ್ಟೆ ಕಾಣುತ್ತದೆ, ಅದು ಡಿಸ್ಕ್. ಎರಡೂ ಕಡೆಯಿಂದ ಅದನ್ನು ಕಚ್ಚಿ ನಿಲ್ಲಿಸುವ ತುಂಡುಗಳು ಪ್ಯಾಡ್. ಪ್ಯಾಡುಗಳನ್ನು ಹಿಡಿದು ಅದುಮುವ ಮುಷ್ಟಿಯಂಥದ್ದು ಕ್ಯಾಲಿಪರ್. ಅದರ ಬೋಲ್ಟ್ ಬಿಚ್ಚಿ ಎತ್ತಿದ ಮೇಲೆ ರಬ್ಬರ್ ಪೈಪಿಗೆ ಜೋತು ಬಿಡಬೇಡಿ, ಮೇಲಿನ ಸ್ಪ್ರಿಂಗಿಗೆ ಕಟ್ಟಿ. ಹಳೇ ಪ್ಯಾಡಿನ ದಪ್ಪ ನಿಮ್ಮ ಕೋಟಿನ ಗುಂಡಿಯಷ್ಟೂ ಇಲ್ಲದಿದ್ದರೆ ಅದರ ಕಾಲ ಮುಗಿಯಿತು. ಹೊಸದು ಕೂರಿಸುವ ಮೊದಲು ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ನಿಧಾನವಾಗಿ ಹಿಂದಕ್ಕೆ ಒತ್ತಿ. ಎಲ್ಲ ಜೋಡಿಸಿದ ಮೇಲೆ ಗಾಡಿಯನ್ನು ಒಂದು ಅಂಗುಲ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಬಿಡಿ, ಒತ್ತಿ ಬಿಡಿ. ಇದನ್ನು ಮರೆತರೆ ಬ್ರೇಕೇ ಹಿಡಿಯುವುದಿಲ್ಲ.

ಇದಕ್ಕಿಂತ ಹೆಚ್ಚಿನ ಬುದ್ಧಿವಂತಿಕೆ ಉಪಯೋಗಿಸಬೇಡಿ.

ಬಾ ಅನ್ನುವುದೋ ಬೇಡ ಅನ್ನುವುದೋ ಆಮೇಲೆ ಬರೆ ಅಂದಿದ್ದೀರಲ್ಲ, ಆಮೇಲೆಯೇ ಬರೆಯುತ್ತೇನೆ.

ಇಂತಿ,
ಡಿಪೋದವಳು


ಮಾರ್ಚ್ ೨೪, ಭಾನುವಾರ

ಏನೇ,

ಮುಗೀತು! ಮುಂದಿನ ಎರಡೂ ಚಕ್ರ. ಬೆಳಿಗ್ಗೆ ಏಳಕ್ಕೆ ಕೂತವನು ಎದ್ದಾಗ ಸಂಜೆ ನಾಲ್ಕು. ಮೊದಲನೇ ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ಬಂದಳು. “ಏನೋ ಇದು ಸರ್ಕಸ್ಸು? ಹಿಡಿ ಉದ್ದ ಆದಷ್ಟೂ ಕಡಿಮೆ ಬಲ ಸಾಕು ಅಂತ ಏಳನೇ ಕ್ಲಾಸಲ್ಲೇ ಹೇಳ್ಕೊಟ್ಟಿರ್ಲಿಲ್ವಾ ನಿಂಗೆ?” ಅಂದು ತನ್ನ ಮನೆಯಿಂದ ಒಂದು ಕಬ್ಬಿಣದ ಪೈಪ್ ತಂದು ಸ್ಪ್ಯಾನರಿಗೆ ತೊಡಿಸಿದಳು. ಬೆಣ್ಣೆ ಕೊಯ್ದ ಹಾಗೆ ತಿರುಗಿತು. ಮೇಡಂ ಕೆಲಸದಿಂದ ರಿಟೈರ್ ಆಗಿರಬಹುದು, ಮೇಡಂಗಿರಿಯಿಂದ ಆಗಿಲ್ಲ.

ಕ್ಯಾಲಿಪರನ್ನು ಕ್ಯಾನ್ವಾಸ್ ಹೊಲಿಯುವ ದಾರದಲ್ಲಿ ಮೂರು ಎಳೆ ಹಾಕಿ ಕಟ್ಟಿದೆ. ಹಳೇ ಪ್ಯಾಡು ಗುಂಡಿಯ ಅರ್ಧದಷ್ಟೂ ಇರಲಿಲ್ಲ. ಪೆಡಲ್ ಗಟ್ಟಿಯಾಗುವ ತನಕ ಒತ್ತಿದೆ. ಮರೆಯಲಿಲ್ಲ.

ಇನ್ನೊಂದು ವಿಷಯ. ಎಡಗಡೆಯ ಚಕ್ರ ತೆಗೆದಾಗ, ಅದರ ಹಿಂದಿನ ಕಪ್ಪು ಕಮಾನಿನ ಒಳಮೈಯಲ್ಲಿ ಬಿಳಿ ಪೇಂಟಿನ ತಾರೀಕುಗಳು ಕಂಡವು. ನಿನ್ನ ಅಕ್ಷರ. ಒಂದರ ಕೆಳಗೊಂದು, ಬ್ರೇಕ್ ಮಾಡಿದ ದಿನಗಳು. ಮಣ್ಣು ಒರೆಸಿ ಒಂದೊಂದೇ ಓದಿದೆ. ಕಡೆಯದು ನೀನು ಹೊರಟ ಹಿಂದಿನ ದಿನದ್ದು.

ಆ ದಿನ ನೀನು ಬೆಳಿಗ್ಗೆಯಿಂದ ಕಾರಿನ ಕೆಳಗೇ ಇದ್ದೆ. ನನ್ನ ಮುಖ ನೋಡಬಾರದು ಅಂತ ಅಲ್ಲಿ ಹೋಗಿ ಮಲಗಿದ್ದೀಯ ಅಂದುಕೊಂಡೆ ನಾನು. ಸಿಟ್ಟಿಗೆ ಮಿಷಿನ್ನನ್ನು ದಡದಡ ತುಳಿದೆ, ನಿನಗೆ ಕೇಳಿಸಲಿ ಅಂತಲೇ ತುಳಿದೆ. ನೀನು ನನಗೋಸ್ಕರ ಬ್ರೇಕ್ ಮಾಡಿಟ್ಟು ಹೋಗಿದ್ದೀಯ. ಎರಡು ವರ್ಷ ಅದರ ಮೇಲೆಯೇ ಓಡಾಡಿದ್ದೇನೆ, ನನಗೆ ಗೊತ್ತೇ ಇರಲಿಲ್ಲ. ಅದರ ಮುಂದೆ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದೆನೋ. ಅಕ್ಕ “ಏನೋ ಕಳ್ಕೊಂಡ್ಯಾ?” ಅಂದಳು. “ಹೂಂ, ಒಂದು ನಟ್ಟು” ಅಂದೆ.

ನಿನ್ನ
ದರ್ಜಿ


ಏಪ್ರಿಲ್ ೨, ಮಂಗಳವಾರ

ರೀ,

ಆ ತಾರೀಕು ನೀವು ನೋಡಲಿ ಅಂತ ಬರೆದದ್ದಲ್ಲ. ಅಭ್ಯಾಸ. ಅದರ ಬಗ್ಗೆ ಇನ್ನೇನೂ ಕೇಳಬೇಡಿ.

ಕೆಲಸ ಇನ್ನೂ ಅರ್ಧ ಉಳಿದಿದೆ. ಬ್ರೇಕ್ ಫ್ಲೂಯಿಡ್ ಬದಲಿಸಬೇಕು. ನಿಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಅದೇ ದ್ರವ. ಎರಡು ವರ್ಷದಲ್ಲಿ ಅದು ಗಾಳಿಯ ತೇವ ಕುಡಿದಿರುತ್ತದೆ. ಬೀದಿಯಲ್ಲಿ ಗೊತ್ತಾಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು, ಆ ನೀರು ಕುದಿದು ಗುಳ್ಳೆಯಾಯಿತೋ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ಕಣಿವೆಗೆ. ಅದನ್ನು ಬದಲಿಸಲು ಇಬ್ಬರು ಬೇಕು. ಹೇಗೆ ಅಂತ ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ. ಅಲ್ಲಿಯ ತನಕ ಇಳಿಜಾರಿನ ದಾರಿಗೆ ಬರಬೇಡಿ.

ನಮ್ಮ ರಿಪೇರಿ ಹೊಂಡದ ಪಕ್ಕದಲ್ಲೇ ಬಸ್ಸುಗಳಿಂದ ಜನ ಇಳಿಯುವ ಕಟ್ಟೆ. ಹೊಂಡದಲ್ಲಿ ನಿಂತವಳಿಗೆ ಮೊದಲು ಕಾಣುವುದು ಪಾದಗಳು. ನಿಮ್ಮ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಯಾವಾಗಲೂ ಹೊರಗಡೆಗೆ ಸವೆದಿರುತ್ತದೆ, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಮೊದಲ ವರ್ಷ ಪ್ರತಿ ಬಸ್ಸಿಗೂ ತಲೆಯೆತ್ತಿ ನೋಡುತ್ತಿದ್ದೆ. ಈಗ ಸ್ಪ್ಯಾನರ್ ಕೈಯಲ್ಲಿರುವಾಗ ನೋಡುವುದಿಲ್ಲ.

ಇಂತಿ,
ನಾನು


ಏಪ್ರಿಲ್ ೧೪, ಭಾನುವಾರ

ಏನೇ,

ನಿನ್ನ ಆ ಚಪ್ಪಲಿಯ ಮಾತಿಗೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಕಾಗದ ಹರಿದೆ. ಅದನ್ನು ಎದುರಿಗೆ ಬಂದೇ ಹೇಳಬೇಕು.

ಈಗ ಒಂದು ಜಂಬದ ಸುದ್ದಿ ಕೇಳು. ಹೊಸ ಪ್ಯಾಡ್ ಹಾಕಿದ ಎರಡನೇ ವಾರದಿಂದ ಬ್ರೇಕ್ ಒತ್ತಿದರೆ ಕೀಂಯ್ ಅಂತ ಕಿರುಚಲು ಶುರುವಾಯಿತು. ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಿಸಿದರೆ ಒಳಗಿನ ಹಿರಿಯ ನರ್ಸಮ್ಮ, “ನೀವು ಬರೋಕೆ ಮುಂಚೆ ನಿಮ್ಮ ಕಾರಿನ ಅಳು ಬರುತ್ತೆ ಕಣ್ರೀ” ಅಂದರು. ನನಗೆ ನಾಚಿಕೆ. ಮತ್ತೆ ಚಕ್ರ ಬಿಚ್ಚಬೇಕೇನೋ ಅಂದುಕೊಂಡು ಸಂದಿಯಲ್ಲಿ ಕೂತಿದ್ದಾಗ ತಟ್ಟನೆ ಹೊಳೆಯಿತು. ಇಷ್ಟು ವರ್ಷದ ಹೊಲಿಗೆಯಲ್ಲಿ ಕಿರುಚಿದ ಮಿಷಿನ್ನನ್ನು ನಾನು ಯಾವತ್ತಾದರೂ ಬಿಚ್ಚಿದ್ದೇನೆಯೇ? ಉದ್ದ ಮೂತಿಯ ಎಣ್ಣೆ ಡಬ್ಬಿ ಅಂಗಿಯ ಜೇಬಿನಲ್ಲೇ ಇತ್ತು. ಚಕ್ರದ ಕಿಂಡಿಯೊಳಗಿಂದ ಮೂತಿ ತೂರಿಸಿ, ತಟ್ಟೆಯ ಈ ಮೈಗೊಂದು ಆ ಮೈಗೊಂದು, ಎರಡೇ ಹನಿ. ಆ ಕಡೆಯ ಚಕ್ರಕ್ಕೂ ಅಷ್ಟೇ. ಮುಗೀತು ನೋಡು! ಉಸಿರೇ ಇಲ್ಲ. ರೇಷ್ಮೆ ಸರಿದ ಹಾಗೆ ಸರಿಯುತ್ತದೆ.

ಮುಂಚಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ, ನಿಜ. ಹೊಸ ಪ್ಯಾಡಲ್ಲವೇ, ಇನ್ನೂ ಪಳಗಬೇಕು. ಹೆಡ್ ಮೆಕ್ಯಾನಿಕ್ಕಿಗೂ ಹೊಳೆಯದ ಉಪಾಯ ದರ್ಜಿಗೆ ಹೊಳೆಯಿತು ಅಂತ ಒಪ್ಪಿಕೋ. ಆ ಎರಡನೇ ಕಾಗದ ಬೇಗ ಬರೆ. ಫ್ಲೂಯಿಡ್ ಮುಗಿಸಿ ಹೊರಟುಬಿಡುತ್ತೇನೆ.

ನಿನ್ನ
ಅರ್ಧ ಮೆಕ್ಯಾನಿಕ್


ಏಪ್ರಿಲ್ ೧೮, ಗುರುವಾರ

ಅಯ್ಯೋ ದೇವರೇ, ಏನ್ರೀ ಮಾಡಿದ್ದು ನೀವು!

ನಿಮ್ಮ ಕಾಗದ ಹೊಂಡದೊಳಗೆ ನಿಂತೇ ಓದಿದೆ. ಓದಿದವಳು ಮೆಟ್ಟಿಲು ಹತ್ತಿದ್ದು, ಆಫೀಸಿಗೆ ಓಡಿದ್ದು ನೆನಪಿಲ್ಲ. ನಿಮ್ಮ ಅಂಗಡಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನಿಮ್ಮ ಅಕ್ಕನಿಗೆ ಮಾಡಿ “ಮೊದಲು ಕಾರಿನ ಕೀಲಿ ಕಿತ್ಕೊಳ್ಳಿ ಅತ್ತಿಗೆ” ಅಂದೆ. ಅವರು “ನಿನ್ನೆನೇ ಆಗೋಯ್ತಲ್ಲಮ್ಮ” ಅಂದರು.

ಸ್ಕೂಲಿನ ತಗ್ಗಿನಲ್ಲಿ ನಿಲ್ಲದೆ ಹಲ್ಲಿನ ಡಾಕ್ಟರ ಕಾಂಪೌಂಡಿಗೆ ಗುದ್ದಿದಿರಂತೆ. ಮಂಡಿ ಊದಿದೆಯಂತೆ, ಬೇರೇನೂ ಇಲ್ಲವಂತೆ. ಅತ್ತಿಗೆ ಇನ್ನೊಂದು ಮಾತನ್ನೂ ಹೇಳಿದರು. ಮಗುವಿನ ತಳ್ಳುಗಾಡಿ ಹಿಡಿದ ಒಬ್ಬ ತಾಯಿ ಆಗಷ್ಟೇ ಆ ಜಾಗ ದಾಟಿದ್ದಳಂತೆ.

ನಿಮ್ಮ ಮಿಷಿನ್ನಿನ ಕೆಲಸ ಜಾರುವುದು, ಅದಕ್ಕೆ ಎಣ್ಣೆ. ಬ್ರೇಕಿನ ಕೆಲಸ ಕಚ್ಚುವುದು. ಅದಕ್ಕೆ ಎಣ್ಣೆ ಹಾಕುವುದೂ ಒಂದೇ, ಕಿತ್ತು ಬಿಸಾಕುವುದೂ ಒಂದೇ. ಪ್ಯಾಡ್ ಆ ಎಣ್ಣೆಯನ್ನು ಒಳಕ್ಕೆ ಕುಡಿದುಬಿಡುತ್ತದೆ. ಹೆಚ್ಚಿನ ಬುದ್ಧಿವಂತಿಕೆ ಬೇಡ ಅಂತ ಬರೆದಿದ್ದೆನಲ್ಲ ರೀ. ಕಿರುಚುತ್ತಿದೆ ಅಂತ ಒಂದು ಸಾಲು ಬರೆದು ಕೇಳೋಕೆ ಏನಾಗಿತ್ತು? ಬ್ರೇಕ್ ಕಿರುಚಿದರೆ ಯಾರೂ ಸಾಯುವುದಿಲ್ಲ.

ನನಗೆ ಬರೆಯಲು ಆಗುತ್ತಿಲ್ಲ. ಕಾರನ್ನು ಗ್ಯಾರೇಜಿಗೆ ಕೊಡಿ. ನೀವು ಮುಟ್ಟಬೇಡಿ. ನೀವು ಬರುವುದೂ ಬೇಡ.


ಮೇ ೧೨, ಭಾನುವಾರ

ರೀ,

ಮೂರು ವಾರ ದಾಟಿತು. ಅಂಗಡಿಗೆ ಫೋನ್ ಮಾಡಿದರೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಮಂಡಿ ಹೇಗಿದೆ ಅಂತ ಅತ್ತಿಗೆಯ ಬಾಯಿಂದ ಕೇಳುವ ಹಾಗಾಗಿದೆ.

ಬರಬೇಡಿ ಅಂದೆ. ಬರೆಯಬೇಡಿ ಅನ್ನಲಿಲ್ಲ.

ಇಂತಿ,
ನಿಮ್ಮವಳು


ಮೇ ೨೦, ಸೋಮವಾರ

ನನ್ನ ತಮ್ಮನ ಹೆಂಡತಿಗೆ,

ನಾನು ಕಾಗದ ಬರೆಯುವವಳಲ್ಲ, ಕಾಗದ ತಿದ್ದುವವಳು. ಆದರೆ ಇವನು ಬರೆಯುವುದಿಲ್ಲ, ನೀನು ಅಲ್ಲಿ ಕೂತು ಒದ್ದಾಡುತ್ತೀಯ, ನಡುವೆ ನನಗೆ ತಲೆನೋವು.

ಮಂಡಿ ವಾಸಿಯಾಗಿದೆ. ಹಲ್ಲಿನ ಡಾಕ್ಟರ ಗೋಡೆಯನ್ನೂ ಕಟ್ಟಿಸಿಕೊಟ್ಟ. ಆ ತಳ್ಳುಗಾಡಿಯ ತಾಯಿಯ ಮನೆ ಹುಡುಕಿಕೊಂಡು ಹೋಗಿ ತಪ್ಪಾಯಿತು ಅಂತ ಹೇಳಿ ಬಂದ. ಅವಳಿಗೆ ಯಾವ ತಪ್ಪು ಅಂತಲೇ ಗೊತ್ತಿರಲಿಲ್ಲವಂತೆ, ಬೆನ್ನ ಹಿಂದೆ ಆದದ್ದಲ್ಲವೇ. ಮನೆಗೆ ಬಂದು ಊಟ ಮಾಡಲಿಲ್ಲ. ಈಗ ಕಾರಿನೊಳಗೆ ಹೋಗಿ ಕೂರುತ್ತಾನೆ, ಓಡಿಸುವುದಿಲ್ಲ. ಸ್ಟೇರಿಂಗ್ ಹಿಡಿದು ಸುಮ್ಮನೆ ಕೂರುತ್ತಾನೆ. ನಿನ್ನ ‘ಬರುವುದೂ ಬೇಡ’ ಕಾಗದ ಜೇಬಿನಲ್ಲಿದೆ.

ನಿನಗೆ ಅವನು ಬರೆಯದ ಒಂದು ವಿಷಯ ಇದೆ. ಮಾರ್ಚಿನಿಂದ ಅವನು ಹೊಸ ಆರ್ಡರ್ ಒಂದನ್ನೂ ತೆಗೆದುಕೊಂಡಿಲ್ಲ. ಸ್ಕೂಲಿನ ಯೂನಿಫಾರ್ಮು, ಆಸ್ಪತ್ರೆಯ ಗೌನು ಎಲ್ಲ ಹಿಂದಿನ ಬೀದಿಯ ದರ್ಜಿಗೆ ಬಿಟ್ಟುಕೊಟ್ಟಿದ್ದಾನೆ. ಒಪ್ಪಿಕೊಂಡದ್ದನ್ನು ಮುಗಿಸುತ್ತಿದ್ದಾನೆ, ಅಷ್ಟೇ. ಕೇಳಿದರೆ ಕಣ್ಣು ನೋವು ಅನ್ನುತ್ತಾನೆ. ಕಣ್ಣು ನೋವಿನವನು ಮೊನ್ನೆ ಟೇಪ್ ಹಿಡಿದು ಹೊಲಿಗೆ ಮಿಷಿನ್ನಿನ ಅಳತೆ ತೆಗೆದ. ಆಮೇಲೆ ಕಾರಿನ ಹಿಂದಿನ ಸೀಟಿನ ಅಳತೆ. ಮೂವತ್ತೊಂದು ವರ್ಷ ಲೆಕ್ಕ ಪಾಠ ಮಾಡಿದವಳಿಗೆ ಇದೊಂದು ಲೆಕ್ಕವೇ? ಅವನು ನಿನ್ನನ್ನು ನೋಡಿಕೊಂಡು ಬರಲು ಹೊರಟವನಲ್ಲ, ಇರಲು ಹೊರಟವನು.

ನನಗೆ ಸಂಕಟ ಇಲ್ಲ ಅನ್ನುವುದಿಲ್ಲ. ಇದೆ. ಒಬ್ಬನೇ ತಮ್ಮ. ಆದರೆ ಕಾರಿನಲ್ಲಿ ಒಬ್ಬನೇ ಕೂತಿರುವ ತಮ್ಮನನ್ನು ದಿನಾ ನೋಡಲಾರೆ. ಬೈಯುವುದಕ್ಕೆ ಬೇರೆ ಯಾರಾದರೂ ಸಿಗುತ್ತಾರೆ.

ನಾನು ಬರೆದೆ ಅಂತ ಅವನಿಗೆ ಹೇಳಬೇಡ.

ನಿನ್ನ ಅತ್ತಿಗೆ


ಮೇ ೨೬, ಭಾನುವಾರ

ರೀ,

ಗ್ಯಾರೇಜಿಗೆ ಕೊಡಿ ಅಂದಿದ್ದೆ. ಬೇಡ. ನೀವೇ ಮಾಡಿ.

ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದುಬಿಡಿ, ಅವನ್ನು ಒಗೆದು ಉಟ್ಟುಕೊಳ್ಳೋಕಾಗಲ್ಲ. ಹೊಸದು ತನ್ನಿ. ಡಿಸ್ಕಿನ ಎರಡೂ ಮೈಗೆ ಬ್ರೇಕ್ ಕ್ಲೀನರ್ ಹೊಡೆದು, ಒಗೆದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ ಒರೆಸುತ್ತಲೇ ಇರಿ. ಆ ಎಣ್ಣೆ ಡಬ್ಬಿಯನ್ನು ಆವತ್ತು ಅತ್ತಿಗೆಯ ಮನೆಯಲ್ಲಿ ಬಿಟ್ಟು ಬನ್ನಿ.

ಆಮೇಲೆ ಫ್ಲೂಯಿಡ್. ಪೆಡಲಿನ ಹತ್ತಿರ ಅತ್ತಿಗೆಯನ್ನು ಕೂರಿಸಿ. ಪೆಡಲಿನಿಂದ ಅತಿ ದೂರದ ಹಿಂದಿನ ಚಕ್ರದಿಂದ ಶುರು. ಅಲ್ಲಿ ಒಂದು ಪುಟ್ಟ ಮೊಲೆಯಂಥ ನಿಪ್ಪಲ್ ಇದೆ. ಅದಕ್ಕೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯೊಳಗೆ. ‘ಒತ್ತು’ ಅನ್ನಿ. ಅತ್ತಿಗೆ ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಸಡಿಲಿಸಿದರೆ ಹಳೆಯದು ಹೊರಬರುತ್ತದೆ. ಬಿಗಿ ಮಾಡಿ, ಆಮೇಲೆ ‘ಬಿಡು’ ಅನ್ನಿ. ನೀವು ಬಿಗಿ ಮಾಡುವ ಮುಂಚೆ ಅವರು ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ, ಮತ್ತೆ ಮೊದಲಿಂದ. ಬಾನೆಟ್ಟಿನ ಕೆಳಗಿನ ಫ್ಲೂಯಿಡ್ ಡಬ್ಬಿಗೆ ಹೊಸದನ್ನು ಸುರಿಯುತ್ತಲೇ ಇರಿ, ಖಾಲಿಯಾಗಲು ಬಿಡಬೇಡಿ. ಪೈಪಿನಲ್ಲಿ ತಿಳಿಯಾದದ್ದು ಬರುವ ತನಕ, ಒಂದು ಗುಳ್ಳೆಯೂ ಕಾಣದ ತನಕ, ನಾಲ್ಕೂ ಚಕ್ರಕ್ಕೆ.

ಎಲ್ಲ ಮುಗಿದ ಮೇಲೆ ಎದುರಿನ ಗ್ಯಾರೇಜಿನವನನ್ನು ಕರೆದು ತೋರಿಸಿ. ಅವನು ನೋಡಿ, ಓಡಿಸಿ, ಸರಿ ಅಂದ ಮೇಲೆಯೇ ರಸ್ತೆಗೆ. ಇದರಲ್ಲಿ ನಿಮ್ಮ ಮರ್ಯಾದೆ ಹೋಗುವುದೇನಿಲ್ಲ. ನಾನು ಮಾಡಿದ ಬ್ರೇಕನ್ನೂ ಇಲ್ಲಿ ಇನ್ನೊಬ್ಬರು ನೋಡದೆ ಬಸ್ಸು ಹೊರಡುವುದಿಲ್ಲ.

ಆವತ್ತು ಬೈದದ್ದು ಸಿಟ್ಟಿಗಲ್ಲ. ಆ ಕಾಗದ ಓದಿ ಆಫೀಸಿನ ತನಕ ಓಡಿದೆನಲ್ಲ, ಅಷ್ಟೂ ದೂರ ನಾನು ಒಂಟಿಯಾದವಳ ಹಾಗೆಯೇ ಓಡಿದೆ.

ಇಂತಿ,
ನಿಮ್ಮವಳು


ಜೂನ್ ೯, ಭಾನುವಾರ

ಏನೇ,

ಆಯಿತು. ಗ್ಯಾರೇಜಿನವನು ನಿನ್ನೆ ಅರ್ಧ ಗಂಟೆ ಓಡಿಸಿ, ಸ್ಕೂಲಿನ ತಗ್ಗಿನಲ್ಲಿ ಮೂರು ಸಲ ನಿಲ್ಲಿಸಿ ನೋಡಿ ಬಂದ. “ಯಾರ ಕೈಯಲ್ಲಿ ಮಾಡಿಸಿದ್ರಿ?” ಅಂದ. ನನ್ನ ಎದೆ ಎರಡಂಗುಲ ಉಬ್ಬಿತು. “ಅಕ್ಕನ ಕಾಲಲ್ಲಿ” ಅಂದೆ.

ಅಕ್ಕನ ಕಾಲಿನ ಕಥೆ ಕೇಳು. ಮೊದಲ ಎರಡು ಚಕ್ರ ಚೆನ್ನಾಗಿಯೇ ಒತ್ತಿದಳು. ಬಾಟಲಿಗೆ ಬಂದದ್ದು ಬಣ್ಣ ಬಿಡುವ ಕಂದು ಬಟ್ಟೆ ನೆನೆಸಿದ ನೀರಿನ ಹಾಗಿತ್ತು. ಅದನ್ನು ನಂಬಿಕೊಂಡು ಇಳಿಜಾರಿಗೆ ಹೊರಟಿದ್ದೆನಲ್ಲ! ಮೂರನೇ ಚಕ್ರದಲ್ಲಿ ಅವಳು, “ಎಷ್ಟು ಹೊತ್ತೋ ಹಿಡ್ಕೊಳ್ಳೋದು, ಕಾಲು ಮರಗಟ್ಟಿಹೋಯ್ತು” ಅಂದು ನಾನು ಹೇಳುವ ಮೊದಲೇ ಬಿಟ್ಟುಬಿಟ್ಟಳು. ಗುಳ್ಳೆ ಬುಳುಬುಳು. ಮತ್ತೆ ಮೊದಲಿಂದ. ಆಗ ನಾನೂ ಬೈದೆ. ಐವತ್ತು ವರ್ಷದಲ್ಲಿ ಮೊದಲ ಸಲ ಅಕ್ಕನಿಗೆ ಬೈದೆ. ಅವಳು ಖುಷಿಯಿಂದ ಮತ್ತೆ ಒತ್ತಿದಳು.

ಈಗ ಬ್ರೇಕಿನ ಮಾತು ಮುಗಿಯಿತು. ಬೇರೆ ಮಾತು ಬರೆಯಬೇಕು, ಅದಕ್ಕೆ ನೀನು ಯಾವ ಕ್ರಮವನ್ನೂ ಹೇಳಿಕೊಟ್ಟಿಲ್ಲ.

ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತಿದ್ದದ್ದು ನಿನ್ನನ್ನು ಕಳಿಸಲು ಅಲ್ಲ ಕಣೇ. ಎಷ್ಟು ಗಂಟೆ ಇರುತ್ತೀಯ ಅಂತ ಗೊತ್ತಾದರೆ ಅಷ್ಟೂ ಹೊತ್ತಿನ ಗಿರಾಕಿಗಳಿಗೆ ನಾಳೆ ಬನ್ನಿ ಅನ್ನಬಹುದಿತ್ತು. ಅನ್ನುತ್ತಲೂ ಇದ್ದೆ. ನಿನಗೆ ಮಾತ್ರ ಹೇಳಲಿಲ್ಲ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಬಸ್ಸಿನಲ್ಲಿ ಯಾಕೆ ಬರಲಿಲ್ಲ ಅಂತ ನೀನು ಕೇಳಿದ್ದೆ. ಮೊದಲ ವರ್ಷ ಬರದೇ ಇದ್ದದ್ದು ಬರೀ ಸೊಕ್ಕು, ಅದಕ್ಕೆ ಬೇರೆ ಹೆಸರಿಲ್ಲ. ಆಮೇಲೆ ಬರಬೇಕು ಅನ್ನಿಸಿದಾಗ ಎರಡು ಸಲ ನಿಲ್ದಾಣದ ತನಕ ಬಂದೆ. ಕೈಯಲ್ಲೊಂದು ಚೀಲ ಹಿಡಿದು ಬಂದರೆ ನಾನು ನೆಂಟ. ನೀನು ತಟ್ಟೆ ಇಡುತ್ತೀಯ, ಊಟ ಮಾಡುತ್ತೇನೆ, ಆಮೇಲೆ ನೀನು ನನ್ನನ್ನು ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತೀಯ. ಅದು ನನಗೆ ಬೇಕಿರಲಿಲ್ಲ. ಮಿಷಿನ್ ಇಲ್ಲದೆ ನಾನು ಎಲ್ಲಿಯೂ ಇರಲಾರೆ, ನಿನಗೆ ಗೊತ್ತು. ಅದನ್ನು ಬಸ್ಸಿನ ಮೇಲೆ ಹಾಕಿ ಆ ದಾರಿಯಲ್ಲಿ ಕುಲುಕಿಸಿ ತಂದರೆ ಮತ್ತೆ ನೆಟ್ಟಗೆ ಹೊಲಿಯುವುದಿಲ್ಲ. ಕಾಲುಮಣೆ ಬಿಚ್ಚಿದರೆ ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಯುತ್ತದೆ. ಅಳೆದು ನೋಡಿದ್ದೇನೆ.

ಮೆಕ್ಯಾನಿಕ್ಕಿನ ಗಂಡ ಅಂತ ಕರೆದರೆ ಕರೆಯಲಿ. ಎರಡು ವರ್ಷದಿಂದ ಇಲ್ಲಿ ಏನಂತ ಕರೆಯುತ್ತಾರೆ ಗೊತ್ತೇ? ಏನೂ ಕರೆಯುವುದಿಲ್ಲ.

ಇರೋಕೆ ಬರುತ್ತಿದ್ದೇನೆ. ನೋಡಿ ಹೋಗೋಕಲ್ಲ. ಬಾ ಅಂತಲೋ ಬೇಡ ಅಂತಲೋ ಈಗ ಬರೆ. ಮಿಷಿನ್ನಿನ ಮೇಜು ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ನಿನ್ನ ರೂಮಿನಲ್ಲಿ ಅಷ್ಟು ಜಾಗ ಇದೆಯಾ?

ನಿನ್ನ ಹಾದಿ ಕಾಯುತ್ತಾ ಕಾಯುತ್ತಾ ಈಗ ತಾನೇ ಹೊರಡಲು ಎದ್ದವನು


ಜೂನ್ ೧೭, ಸೋಮವಾರ

ರೀ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಮೂರು ದಿನ ತಡವಾಗಿದ್ದು ಯೋಚನೆ ಮಾಡುತ್ತಾ ಅಲ್ಲ. ಒಂದು ಕಚೇರಿ ಕೆಲಸ ಇತ್ತು, ಕೆಳಗೆ ಬರೆಯುತ್ತೇನೆ.

ಮೊದಲು ಇಳಿಜಾರು. ಭಾನುವಾರ ಬೆಳಿಗ್ಗೆ ಹೊರಡಿ, ಆವತ್ತು ಲಾರಿ ಕಡಿಮೆ. ಮೇಲೆ ಒಮ್ಮೆ ನಿಲ್ಲಿಸಿ, ಇಳಿದು, ನೀರು ಕುಡಿದು ಹೊರಡಿ. ಎರಡನೇ ಗೇರಿನಲ್ಲೇ ಇಳಿಯಬೇಕು, ಗಾಡಿಯನ್ನು ಇಂಜಿನ್ ಹಿಡಿದುಕೊಳ್ಳುತ್ತದೆ. ನೀವು ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವವರು, ಅದು ಇಲ್ಲಿ ನಡೆಯುವುದಿಲ್ಲ. ಬೇಕಾದಾಗ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಟ್ಟುಬಿಡಿ. ಅರ್ಧದಲ್ಲಿ ಬಸ್ಸುಗಳು ನಿಲ್ಲುವ ಅಗಲ ಜಾಗ ಇದೆ, ಸುಟ್ಟ ವಾಸನೆ ಬಂದರೆ ಅಲ್ಲಿ ನಿಂತು ಆರಲು ಬಿಡಿ. ಹಿಂದಿನಿಂದ ಹಾರ್ನ್ ಹೊಡೆದರೆ ಹೊಡೆಯಲಿ, ಅವರನ್ನು ಮುಂದೆ ಬಿಡಿ. ಆ ಬಸ್ಸಿನ ಡ್ರೈವರುಗಳಿಗೆಲ್ಲ ನಾನು ಹೇಳಿಟ್ಟಿದ್ದೇನೆ, ಯಾರೂ ಹೊಡೆಯುವುದಿಲ್ಲ.

ಕೆಳಗೆ ದಾರಿ ಮಟ್ಟವಾಗುವ ಕಡೆ ನಾನು ನಿಂತಿರುತ್ತೇನೆ. ನೀವು ನಿಲ್ಲಿಸಿದ ಕೂಡಲೇ ನಾನು ಮೊದಲು ಚಕ್ರದ ಹತ್ತಿರ ಬಗ್ಗಿ ಬಿಸಿ ನೋಡುತ್ತೇನೆ, ಆಮೇಲೆ ನಿಮ್ಮ ಮುಖ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮುಖ ಮೊದಲು ನೋಡಿದರೆ ಆಮೇಲೆ ಚಕ್ರ ನೋಡಲು ನನ್ನಿಂದ ಆಗುವುದಿಲ್ಲ.

ಇನ್ನು ಜಾಗದ ವಿಷಯ. ನನ್ನದು ಡಿಪೋದವರು ಕೊಟ್ಟಿರುವ ಒಂದೇ ರೂಮು. ಒಂದು ಕಡೆ ಒಲೆ, ಒಂದು ಕಡೆ ಬೀರು. ಬೆಳಕು ಬರುವುದು ಒಂದೇ ಕಿಟಕಿಯಿಂದ. ಆ ಕಿಟಕಿಯ ಕೆಳಗೆ ನಿಮ್ಮ ಮೂರಡಿ ಮೇಜು ಕೂರಬೇಕು, ಇಲ್ಲದಿದ್ದರೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತೀರಿ. ಟೇಪ್ ಹಿಡಿದು ಎರಡು ಸಲ ಅಳೆದೆ. ಇಲ್ಲ. ಎಷ್ಟು ಅಳೆದರೂ ಇಲ್ಲ. ರೂಮಿನ ಜೊತೆಗೆ ಕೊಟ್ಟಿದ್ದ ಎರಡು ಕಬ್ಬಿಣದ ಮಂಚ ಆ ಗೋಡೆಯಿಂದ ಈ ಗೋಡೆಗೆ ತುಂಬಿಕೊಂಡಿದ್ದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಎರಡು ವರ್ಷದಿಂದ ನನ್ನ ಟ್ರಂಕು, ಮಡಿಸದ ಬಟ್ಟೆ, ಛತ್ರಿ.

ಶುಕ್ರವಾರ ಅರ್ಜಿ ಬರೆದು ಕೊಟ್ಟೆ. ಇವತ್ತು ಸ್ಟೋರಿನಿಂದ ಇಬ್ಬರು ಬಂದು ಒಂದು ಮಂಚ ಹೊತ್ತುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಸ್ಟೋರಿನ ಗುಮಾಸ್ತರು ಕನ್ನಡಕ ಏರಿಸಿ, “ಮೇಡಂ, ಒಂದ್ಸಲ ವಾಪಸ್ ಕೊಟ್ರೆ ಮತ್ತೆ ಕೊಡೋಲ್ಲ. ನೋಡಿ, ಸರಿಯಾಗಿ ಯೋಚ್ನೆ ಮಾಡಿ” ಅಂದರು.

“ಎರಡು ವರ್ಷದಿಂದ ಅದನ್ನೇ ಮಾಡಿದ್ದೀನಿ, ಸಾಕು. ಸೈನ್ ಎಲ್ಲಿ ಹಾಕ್ಬೇಕು ಹೇಳಿ” ಅಂದೆ.

ಬನ್ನಿ.

ನಿಮ್ಮ
ನಾನು